ಮದ್ದು ಬೀಳದ ತೋಟಾ

ಆ ವರ್ಷ ಅಮೆರಿಕದ ಮೊಂಟಾನಾ ರಾಜ್ಯದ ಡ್ರೈ ಫೋರ್ಕ್ ಊರಿನಲ್ಲಿ ತೋಟಾ ಸಿಗುವುದೇ ಕಷ್ಟವಾಗಿತ್ತು. ಜಿಂಕೆ ಬೇಟೆ ಶುರುವಾಗಲು ಇನ್ನು ಆರೇ ವಾರ. ಯಾರು ಹೋಗಿ ಕೇಳಿದರೂ ಅಂಗಡಿಯವನು ಖಾಲಿ ಕಪಾಟು ತೋರಿಸಿ ಕೈಯಲ್ಲಾಡಿಸುತ್ತಿದ್ದ. ಹಾಗಾಗಿ ಅರ್ಧಕ್ಕರ್ಧ ಮನೆಗಳಲ್ಲಿ ಜನ ತಾವೇ ತೋಟಾ ತುಂಬಿಕೊಳ್ಳುತ್ತಿದ್ದರು. ಹಾರಿಸಿ ಉಳಿದ ಹಿತ್ತಾಳೆ ಕೊಳವೆಗಳನ್ನು ಹೆಕ್ಕಿ ತಂದು, ತೊಳೆದು, ತಳಕ್ಕೆ ಕಿಡಿ ಹೊತ್ತಿಸುವ ಹೊಸ ಕೇಪು ಕೂರಿಸಿ, ಅಳೆದು ಮದ್ದು ಹಾಕಿ, ಬಾಯಿಗೆ ಸೀಸದ ಗುಂಡು ಒತ್ತಿದರೆ ತೋಟಾ ಸಿದ್ಧ. ಆ ಊರಿನಲ್ಲಿ ಅದೇನು ಕದ್ದುಮುಚ್ಚಿ ಮಾಡುವ ಕೆಲಸವಲ್ಲ. ಅಪ್ಪ ಮಾಡಿದ್ದನ್ನು ನೋಡಿ ಮಕ್ಕಳು ಕಲಿಯುತ್ತಾರೆ.

ಈ ಕೆಲಸದಲ್ಲಿ ಮಾರ್ಲಿಸ್‌ಳದು ಎತ್ತಿದ ಕೈ. ಅರವತ್ತು ದಾಟಿದ ಗಟ್ಟಿ ಹೆಂಗಸು. ಊರಿನ ಗುರಿಕಾರರ ಸಂಘದಲ್ಲಿ ಹೊಸಬರಿಗೆ ಪಾಠ ಹೇಳುವವಳೂ ಅವಳೇ, ಪಂದ್ಯದ ದಿನ ಗಡಿಯಾರ ಹಿಡಿಯುವವಳೂ ಅವಳೇ. ಎಲ್ಲರೂ ಅವಳನ್ನು ಮೆಚ್ಚುತ್ತಿದ್ದರು. ಮೆಚ್ಚದವಳು ಒಬ್ಬಳೇ, ಅವಳ ತಮ್ಮ ಆರಿನ್‌ನ ಹೆಂಡತಿ ಲವಾನ್.

ಲವಾನ್ ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಿದ್ದಳು. ಮದುವೆಯಾಗಿ ಇಪ್ಪತ್ತನಾಲ್ಕು ವರ್ಷ. ಈ ಇಪ್ಪತ್ತನಾಲ್ಕು ವರ್ಷದಲ್ಲಿ ಗಂಡ ತನ್ನ ಅಕ್ಕನನ್ನು ಹೊಗಳದ ವಾರ ಒಂದೂ ಅವಳಿಗೆ ನೆನಪಿರಲಿಲ್ಲ.

"ಇವತ್ತು ಮಾರ್ಲಿಸ್ ತುಂಬಿದ ತೋಟಾ ಹೊಡೆದು ನೋಡ್ದೆ," ಎಂದ ಆರಿನ್ ಒಂದು ದಿನ, ಊಟಕ್ಕೆ ಕೂತು. "ಐದು ಹೊಡೆದ್ರೆ ಐದೂ ಒಂದೇ ತೂತಲ್ಲಿ! ಅವಳ ಕೈಲಿ ಏನಿದ್ಯೋ ಕಾಣೆ."

"ಬೆರಳಿರುತ್ತೆ," ಎಂದಳು ಲವಾನ್. "ಸಾರು ಆರ್ತಿದೆ, ತಿನ್ನು."

ಜಿಂಕೆ ಮಾಂಸದ ಸಾರನ್ನು ಅವಳು ಮೂರು ಗಂಟೆ ಕುದಿಸಿದ್ದಳು. ಆರಿನ್ ತಿಂದು ಬಟ್ಟಲನ್ನು ಪಕ್ಕಕ್ಕೆ ಸರಿಸಿದ. ಚೆನ್ನಾಗಿದೆ ಅನ್ನಲಿಲ್ಲ.

ಅದನ್ನಾದರೂ ಹೇಗೋ ಸಹಿಸಬಹುದಿತ್ತು. ಅವಳ ಎದೆಯಲ್ಲಿ ನಿಜವಾಗಿ ಕೆಂಡ ಇಟ್ಟದ್ದು ಮಗಳು ಬ್ರಿಟಾ. ಇಪ್ಪತ್ತು ವರ್ಷದ ಹುಡುಗಿ, ದನದ ಡಾಕ್ಟರ ಹತ್ತಿರ ಕೆಲಸಕ್ಕಿದ್ದಳು. ಪ್ರತಿ ಗುರುವಾರ ಕೆಲಸ ಮುಗಿಸಿ ನೇರ ಅತ್ತೆಯ ಮನೆಗೆ ಹೋಗಿ ತೋಟಾ ತುಂಬುವುದನ್ನು ಕಲಿಯುತ್ತಿದ್ದಳು. ಮನೆಗೆ ಬಂದರೆ ಬಾಯಲ್ಲಿ ಬರೀ 'ಮಾರ್ಲಿಸ್ ಅತ್ತೆ ಹೀಗಂದ್ರು, ಮಾರ್ಲಿಸ್ ಅತ್ತೆ ಹಾಗಂದ್ರು.' ಹೆತ್ತವಳ ಜೊತೆ ಹತ್ತು ನಿಮಿಷ ಕೂರದವಳು ಅಲ್ಲಿ ಮೂರು ಗಂಟೆ ಕೂರುತ್ತಾಳಲ್ಲ ಎಂದು ಲವಾನ್ ಒಳಗೊಳಗೇ ಬೇಯುತ್ತಿದ್ದಳು. ಕೊನೆಗೆ ಯಾರಿಗೂ ಹೇಳದೆ ತಾನೇ ಹೋಗಿ, ಊರು ಬಿಟ್ಟು ಹೋಗುತ್ತಿದ್ದ ಮುದುಕನೊಬ್ಬನ ಹತ್ತಿರ ತೋಟಾ ತುಂಬುವ ಹಳೆಯ ಯಂತ್ರ ಮತ್ತು ಸಾಮಾನು ಕೊಂಡು ತಂದಳು.

ಸುದ್ದಿ ಕೇಳಿ ಮಾರ್ಲಿಸ್ ಮರುದಿನವೇ ಬಂದಳು.

"ಒಳ್ಳೇದಾಯ್ತು ಕಣೆ. ಮೊದಲ ಸಲ ನಾನು ಜೊತೇಲಿ ಕೂತ್ಕೋತೀನಿ."

"ಏನೂ ಬೇಡ. ದಿನಾ ಇನ್ನೂರು ಮಕ್ಕಳಿಗೆ ಅಳತೆ ಹಾಕಿ ಅಡುಗೆ ಮಾಡೋಳು ನಾನು. ಒಂದು ಚಿಟಿಕೆ ಪುಡಿ ಅಳೆಯೋಕೆ ಬರಲ್ವಾ?"

"ಸಾರಿಗೆ ಉಪ್ಪು ಹೆಚ್ಚಾದ್ರೆ ಮಕ್ಕಳು ಮುಖ ಕಿವಿಚ್ತವೆ, ಅಷ್ಟೇ. ಇದು ಹಾಗಲ್ಲ," ಎಂದಳು ಮಾರ್ಲಿಸ್. "ಮೇಜಿನ ಮೇಲೆ ಒಂದೇ ಮದ್ದಿನ ಡಬ್ಬಿ ಇರ್ಲಿ. ಚೀಟಿ ಇಲ್ಲದ ಡಬ್ಬೀದು ಮುಟ್ಟಲೇಬೇಡ. ಎಷ್ಟು ಹಾಕ್ಬೇಕು ಅನ್ನೋದನ್ನ ಪುಸ್ತಕದಲ್ಲಿ ನೋಡು, ಯಾರ ಬಾಯಿ ಮಾತೂ ಕೇಳ್ಬೇಡ, ನಂದೂ ಸೇರಿ. ಎಲ್ಲಕ್ಕೂ ಮದ್ದು ಹಾಕಾದ್ಮೇಲೆ, ಗುಂಡು ಕೂರಿಸೋ ಮುಂಚೆ, ಬ್ಯಾಟರಿ ಬೆಳಕು ಬಿಟ್ಟು ಒಂದೊಂದೇ ಕೊಳವೆ ಒಳಗೆ ನೋಡು. ಮತ್ತೆ ಮಧ್ಯದಲ್ಲಿ ಏಳ್ಬೇಡ. ಎದ್ರೆ..."

"ಗೊತ್ತು ಬಿಡು ಮಾರ್ಲಿಸ್. ಪಾಠ ಸಂಘದಲ್ಲಿ ಹೇಳು."

ಮಾರ್ಲಿಸ್ ಒಂದು ಕ್ಷಣ ಅವಳ ಮುಖ ನೋಡಿ, ಕೋಟಿನ ಗುಂಡಿ ಹಾಕಿಕೊಂಡು ಹೊರಟಳು. ಎದ್ದರೆ ಏನು ಮಾಡಬೇಕು ಎಂಬ ಮಾತು ಅರ್ಧಕ್ಕೇ ನಿಂತಿತು.

ಶನಿವಾರ ಮಧ್ಯಾಹ್ನ ಲವಾನ್ ಕಾರಿನ ಶೆಡ್ಡಿನಲ್ಲಿ ಕೂತು ಕೆಲಸ ಶುರು ಮಾಡಿದಳು. ಭಾನುವಾರ ಸಂಘದ ಶರತ್ಕಾಲದ ಪಂದ್ಯ. ತನ್ನ ಕೈಯಾರೆ ತುಂಬಿದ ತೋಟಾದಲ್ಲಿ ಮಾರ್ಲಿಸ್‌ಳನ್ನು ಸೋಲಿಸಬೇಕು, ಅದನ್ನು ಆರಿನ್ ಮತ್ತು ಬ್ರಿಟಾ ನಿಂತು ನೋಡಬೇಕು. ಅಷ್ಟೇ ಅವಳ ಆಸೆ.

ಐವತ್ತು ಕುಳಿಗಳಿರುವ ಮರದ ಹಲಗೆ, ಕುಳಿಗೊಂದರಂತೆ ಹಿತ್ತಾಳೆ ಕೊಳವೆ. ಅಳತೆಯ ಸಾಧನದ ಹಿಡಿ ಒಮ್ಮೆ ಎಳೆದರೆ ಒಂದು ಅಳತೆ ಮದ್ದು ಕೊಳವೆಗೆ ಬೀಳುತ್ತದೆ. ಒಂದು, ಎರಡು, ಮೂರು. ಕೈ ಹದಕ್ಕೆ ಬಂತು. ಎರಡು ಸಾಲು ಮುಗಿದು ಮೂರನೆಯದಕ್ಕೆ ಬಂದಾಗ ಹೊರಗೆ ಕಾರು ನಿಂತ ಸದ್ದಾಯಿತು. ಆಮೇಲೆ ನಗು.

ಲವಾನ್ ಎದ್ದು ಕಿಟಕಿಯ ಹತ್ತಿರ ಹೋದಳು. ಅಂಗಳದಲ್ಲಿ ಮಾರ್ಲಿಸ್ ನಿಂತಿದ್ದಳು. ಕಾಡುಹಣ್ಣಿನ ಕಡುಬು ತಂದಿದ್ದಳು. ಆರಿನ್ ತಟ್ಟೆ ಕೈಯಲ್ಲಿ ಹಿಡಿದು ನಿಂತಲ್ಲೇ ತಿನ್ನುತ್ತಿದ್ದ. "ಆಹಾ, ಏನು ರುಚಿ!" ಎಂದದ್ದು ಗಾಜಿನ ಆಚೆಯಿಂದಲೂ ಕೇಳಿಸಿತು. ಮೂರು ಗಂಟೆ ಕುದಿಸಿದ ತನ್ನ ಸಾರು ಲವಾನ್‌ಗೆ ನೆನಪಾಯಿತು. ಹಲ್ಲು ಕಚ್ಚಿಕೊಂಡು ಬಂದು ಕೂತು, ಎಲ್ಲಿ ನಿಲ್ಲಿಸಿದ್ದೆ ಎಂದು ಅಂದಾಜು ಮಾಡಿ ಹಿಡಿ ಎಳೆದಳು.

ನಾಲ್ಕು ಕೊಳವೆ ದಾಟಿರಲಿಲ್ಲ, ಮತ್ತೆ ನಗು. ಈ ಸಲ ಬ್ರಿಟಾಳದು. ಮತ್ತೆ ಎದ್ದಳು. ಮಗಳು ಅತ್ತೆಯ ಹೆಗಲ ಮೇಲೆ ತಲೆಯಿಟ್ಟು ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಳು. ಮಾರ್ಲಿಸ್ ಶೆಡ್ಡಿನ ಕಡೆ ಕೈ ತೋರಿಸಿ ಏನೋ ಹೇಳಿದ ಹಾಗಿತ್ತು. 'ನನ್ನನ್ನೇ ಆಡಿಕೊಂಡು ನಗ್ತಿದಾರೆ' ಎಂದುಕೊಂಡಳು ಲವಾನ್. ಕಿವಿ ಬಿಸಿಯಾಯಿತು. ವಾಪಸು ಬಂದು ಕುರ್ಚಿ ಎಳೆದು ಕೂತಳು. ಮತ್ತೊಮ್ಮೆ ಅಂದಾಜಿನ ಮೇಲೆ ಮುಂದುವರಿಸಿದಳು. ಐವತ್ತೂ ಮುಗಿದ ಮೇಲೆ ಬ್ಯಾಟರಿ ಬಿಟ್ಟು ನೋಡಬೇಕೆಂಬುದು ನೆನಪಿಗೆ ಬಂತು. ಆದರೆ ಅದು ಮಾರ್ಲಿಸ್ ಹೇಳಿದ ಮಾತು. ನೋಡಲಿಲ್ಲ. ಒಂದೊಂದಕ್ಕೂ ಗುಂಡು ಕೂರಿಸಿ ಡಬ್ಬಿಗೆ ತುಂಬಿದಳು.

ಭಾನುವಾರ ಬಿಸಿಲು ಚೆನ್ನಾಗಿತ್ತು. ಊರಿನಿಂದ ಹನ್ನೆರಡು ಮೈಲಿ ದೂರದ ಕಣಿವೆಯಲ್ಲಿ ಸಂಘದ ಬಯಲು. ಎದುರಿಗೆ ಐದು ಉಕ್ಕಿನ ತಟ್ಟೆಗಳು. ಐದನ್ನೂ ಯಾರು ಬೇಗ ಹೊಡೆಯುತ್ತಾರೋ ಅವರು ಗೆದ್ದಂತೆ. ಲವಾನ್ ಕೈಯಲ್ಲಿದ್ದದ್ದು ಅವಳ ಅಪ್ಪನ ರಿವಾಲ್ವರ್. ದನ ಕಾಯುತ್ತ ಮೂವತ್ತು ವರ್ಷ ಸೊಂಟದಲ್ಲಿ ಕಟ್ಟಿಕೊಂಡಿದ್ದದ್ದು. ಅವನಿಂದ ಅವಳಿಗೆ ಉಳಿದದ್ದು ಅದೊಂದೇ.

ಮೊದಲ ಸುತ್ತುಗಳಲ್ಲಿ ತೋಟಾಗಳು ಸೊಗಸಾಗಿ ಹಾರಿದವು. "ಪರವಾಗಿಲ್ವೇ ಲವಾನ್!" ಎಂದು ಯಾರೋ ಕೂಗಿದರು. ಬ್ರಿಟಾ ಚಪ್ಪಾಳೆ ತಟ್ಟಿದಳು. ಕೊನೆಯ ಸುತ್ತು. ಅಂಕ ಬರೆಯುವ ಹಲಗೆಯಲ್ಲಿ ಎಲ್ಲರಿಗಿಂತ ಮೇಲೆ ಮಾರ್ಲಿಸ್ ಹೆಸರಿತ್ತು. ಆ ಮಾರ್ಲಿಸ್ಸೇ ಈಗ ಲವಾನ್‌ಳ ಬೆನ್ನ ಹಿಂದೆ ಗಡಿಯಾರ ಹಿಡಿದು ನಿಂತಿದ್ದಳು.

ಟಣ್, ಟಣ್, ಟಣ್. ಮೂರು ತಟ್ಟೆ ಮೊಳಗಿದವು. ನಾಲ್ಕನೆಯದಕ್ಕೆ ಟ್ರಿಗರ್ ಎಳೆದಾಗ ಬರೀ 'ಪುಸ್' ಎಂದಿತು. ಕೈಗೆ ಒದೆತ ಬರಲಿಲ್ಲ. ತಟ್ಟೆ ಅಲುಗಲಿಲ್ಲ.

"ನಿಲ್ಸು!" ಕಿವಿಗೆ ಮುಚ್ಚಳವಿದ್ದರೂ ಕೇಳಿಸುವಷ್ಟು ಜೋರಾಗಿ ಮಾರ್ಲಿಸ್ ಕೂಗಿದಳು. "ಲವಾನ್, ನಿಲ್ಸು!"

ಲವಾನ್‌ಗೆ ಹೊಳೆದದ್ದು ಒಂದೇ. ನಾನು ಗೆಲ್ತೀನಿ ಅಂತ ಇವಳಿಗೆ ಗೊತ್ತಾಗಿದೆ, ಅದಕ್ಕೇ ನಿಲ್ಲಿಸ್ತಿದಾಳೆ.

ಟ್ರಿಗರ್ ಎಳೆದಳು.

ಸದ್ದು ಎಂದಿನದಾಗಿರಲಿಲ್ಲ. ಕೈಗೆ ಸುತ್ತಿಗೆಯಲ್ಲಿ ಬಡಿದಂತಾಯಿತು. ಕೆನ್ನೆಗೆ ಬಿಸಿಯಾದದ್ದೇನೋ ಚುಚ್ಚಿತು. ಕಣ್ಣಿನ ರಕ್ಷಣೆಗೆ ಹಾಕಿದ್ದ ಕನ್ನಡಕದ ಮೇಲೆ ಟಕ್ ಎಂದು ಏನೋ ಬಿತ್ತು. ಕಣ್ಣು ಬಿಟ್ಟಾಗ ಮಾರ್ಲಿಸ್ ಅವಳ ಕೈಯನ್ನು ಹಿಡಿದು ರಿವಾಲ್ವರನ್ನು ಮೆಲ್ಲನೆ ಬಿಡಿಸುತ್ತಿದ್ದಳು. ಕಪ್ಪೆ ನುಂಗಿದ ಹಾವಿನ ಹೊಟ್ಟೆಯ ಹಾಗೆ ನಳಿಗೆ ನಡುವೆ ಉಬ್ಬಿ ಸೀಳಿತ್ತು. ಕನ್ನಡಕದ ಬಲಗಾಜಿನಲ್ಲಿ ಕಣ್ಣಿನ ನೇರಕ್ಕೆ ಒಂದು ಕುಳಿ ಬಿದ್ದಿತ್ತು.

"ನಿಲ್ಸು ಅಂದೆನಲ್ಲೇ!" ಮಾರ್ಲಿಸ್‌ಳ ದನಿ ಒಡೆದಿತ್ತು.

"ಕೇಳಿಸ್ಲಿಲ್ಲ," ಎಂದಳು ಲವಾನ್.

ಕೇಳಿಸಿತ್ತು.

ಕೆನ್ನೆಗೆ ನಾಲ್ಕು ಹೊಲಿಗೆ, ಮಣಿಕಟ್ಟಿಗೆ ಪಟ್ಟಿ. ಆಸ್ಪತ್ರೆಗೆ ಕಾರು ಓಡಿಸಿಕೊಂಡು ಹೋದದ್ದೂ ಮಾರ್ಲಿಸ್. ಅಲ್ಲಿಗೂ ಇವಳದೇ ಉಪಕಾರ ಬೇಕಾಯಿತಲ್ಲ ಎಂದು ಲವಾನ್ ದಾರಿಯುದ್ದಕ್ಕೂ ಕಿಟಕಿಯಾಚೆ ನೋಡುತ್ತ ಕೂತಳು. ಮನೆಗೆ ಬಂದ ಮೇಲೆ ಬ್ರಿಟಾ ಹತ್ತಿರ ಕೂತು ಕೇಳಿದಳು, "ತೋಟಾದಲ್ಲಿ ಏನಾದ್ರೂ ಹೆಚ್ಚುಕಮ್ಮಿ ಆಗಿತ್ತೇನಮ್ಮ?"

"ನನ್ನ ತೋಟಾ ಸರಿಯಾಗೇ ಇತ್ತು. ತಾತನ ಕಾಲದ ಗನ್ನು, ನಳಿಗೆ ಸವೆದುಹೋಗಿತ್ತು. ಯಾಕೆ, ನಿಮ್ಮತ್ತೆ ಏನಾದ್ರೂ ಅಂದ್ರಾ?"

"ಇಲ್ಲಮ್ಮ, ಅವರೇನೂ ಅನ್ಲಿಲ್ಲ."

ಆರಿನ್ ಕೂಡ ತಲೆಯಾಡಿಸಿದ. "ಹೌದು, ಹಳೇ ಗನ್ನು. ಕಬ್ಬಿಣಾನೂ ಮುದಿಯಾಗುತ್ತೆ."

ಸೋಮವಾರ ಸಂಜೆ ನಾಲ್ಕರ ಹೊತ್ತಿಗೆ ಮಾರ್ಲಿಸ್ ಬಂದಳು. ಬಂದವಳೇ, "ಉಳಿದ ತೋಟಾ ಎಲ್ಲಿ?" ಎಂದು ಕೇಳಿದಳು. "ನಿನ್ನೆಯೇ ಕೇಳ್ಬೇಕಿತ್ತು. ನಿನ್ನ ಮುಖದ ಮೇಲಿನ ರಕ್ತ ನೋಡಿ ನನಗೆ ಅದೆಲ್ಲ ಮರೆತೇಹೋಯ್ತು."

"ಯಾಕೆ? ಸಂಘದಲ್ಲಿ ಎಲ್ಲರಿಗೂ ತೋರಿಸೋಕಾ?"

"ಲವಾನ್, ನಿನ್ನೆ ಪುಸ್ ಅಂದಿದ್ದು ಮದ್ದೇ ಇಲ್ಲದ ತೋಟಾ. ಕೇಪಿನ ಬಲಕ್ಕೇ ಗುಂಡು ನಳಿಗೆಯೊಳಗೆ ಹೋಗಿ ಅರ್ಧದಲ್ಲಿ ಸಿಕ್ಕಿಹಾಕ್ಕೊಂಡಿತು. ಹಿಂದಿನಿಂದ ಇನ್ನೊಂದು ಹೋಗಿ ಅದಕ್ಕೆ ಬಡೀತು. ಅದಕ್ಕೇ ನಳಿಗೆ ಸೀಳ್ತು. ಗನ್ನು ಹಳೇದಾದ್ರೇನು, ನಿನ್ನೆ ಬೆಳಗ್ಗೆ ಕೊಂಡಿದ್ದಾದ್ರೂ ಅದೇ ಗತಿ."

ಲವಾನ್ ಕೆನ್ನೆಯ ಹೊಲಿಗೆ ಮುಟ್ಟಿಕೊಂಡಳು.

"ತುಂಬೋವಾಗ ಮಧ್ಯದಲ್ಲಿ ಎದ್ದಿದ್ಯಾ?"

"ಎದ್ದಿದ್ದೆ."

"ಎಷ್ಟು ಸಲ?"

"ಎರಡು ಸಲ."

ಮಾರ್ಲಿಸ್ ಕುರ್ಚಿ ಎಳೆದು ಎದುರಿಗೆ ಕೂತಳು. "ಒಂದು ಸಲ ಎದ್ದು ಬಂದಾಗ ಒಂದು ಕೊಳವೆ ಬಿಟ್ಟುಬಿಟ್ಟೆ. ಅದೇ ನಿನ್ನೆ ಪುಸ್ ಅಂದಿದ್ದು. ಇನ್ನೊಂದು ಸಲ ಎದ್ದು ಬಂದಾಗ ಏನು ಮಾಡ್ದೆ? ಹಾಕಿದ್ದಕ್ಕೇ ಇನ್ನೊಂದು ಸಲ ಹಾಕಿದ್ರೆ?"

ಎರಡು ಪಟ್ಟು ಮದ್ದು ಬಿದ್ದ ತೋಟಾ ಏನು ಮಾಡುತ್ತದೆಂಬುದನ್ನು ಆ ಊರಿನಲ್ಲಿ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಸಂಘದ ಮಾಜಿ ಕಾರ್ಯದರ್ಶಿಯ ಬಲಗೈಯಲ್ಲಿ ಉಳಿದಿದ್ದದ್ದು ಎರಡೇ ಬೆರಳು.

"ಡಬ್ಬಿ ಎಲ್ಲಿ ಲವಾನ್?"

"ಬ್ರಿಟಾ ತಗೊಂಡು ಹೋದ್ಲು. ಬೆಳಗ್ಗೆ. 'ಅಮ್ಮನ ತೋಟಾ ಸರಿಯಾಗಿದೆ ಅಂತ ನಾನು ಹೊಡೆದು ತೋರಿಸ್ತೀನಿ, ಆಮೇಲೆ ಯಾರೂ ಏನೂ ಅನ್ನೋಹಾಗಿಲ್ಲ' ಅಂದ್ಲು. ಕೆಲಸ ಮುಗಿಸಿ ಬಯಲಿಗೆ..." ಅಷ್ಟರಲ್ಲಿ ಅವಳು ಫೋನು ಎತ್ತಿಕೊಂಡು ಬಾಗಿಲಿಗೆ ಓಡಿದ್ದಳು.

ಕಣಿವೆಯಲ್ಲಿ ಫೋನು ಹತ್ತುವುದಿಲ್ಲ. ಆದರೂ ದಾರಿಯುದ್ದಕ್ಕೂ ಲವಾನ್ ಎಡಗೈಯಲ್ಲಿ ಗುಂಡಿ ಒತ್ತುತ್ತಲೇ ಇದ್ದಳು. ಮಾರ್ಲಿಸ್ ಕಾರನ್ನು ಹಾರಿಸುತ್ತಿದ್ದಳು. ಮಣ್ಣಿನ ರಸ್ತೆಯ ಧೂಳು ಹಿಂದೆ ಗೋಡೆಯಂತೆ ಏಳುತ್ತಿತ್ತು. ಅಂಥ ಹೊತ್ತಿನಲ್ಲೂ ಲವಾನ್‌ಳ ಮನಸ್ಸಿನ ಒಂದು ಮೂಲೆಯಲ್ಲಿ ಒಂದು ಯೋಚನೆ ಹಾದುಹೋಯಿತು. ಮಗಳನ್ನು ಉಳಿಸಿದವಳೂ ಇವಳೇ ಆದರೆ ನನ್ನ ಪಾಲಿಗೆ ಏನು ಉಳಿಯಿತು? ಯೋಚನೆ ಬಂದ ಮರುಕ್ಷಣ ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ತಿರುವಿನಲ್ಲಿ ಒಂದು ಗುಂಡಿನ ಸದ್ದು ಕೇಳಿಸಿತು. ಆಮೇಲೆ ಇನ್ನೊಂದು. ಕಾರು ಪೂರ್ತಿ ನಿಲ್ಲುವ ಮುಂಚೆಯೇ ಲವಾನ್ ಬಾಗಿಲು ತೆಗೆದು ಇಳಿದು ಓಡಿದಳು.

"ಬ್ರಿಟಾ! ನಿಲ್ಸು! ನಿಲ್ಸೇ!"

ಬ್ರಿಟಾ ತನ್ನದೇ ರಿವಾಲ್ವರ್ ಎತ್ತಿ ಗುರಿ ಹಿಡಿದಿದ್ದಳು. ದನಿ ಕಿವಿಗೆ ಬಿದ್ದದ್ದೇ ಬೆರಳನ್ನು ಟ್ರಿಗರಿನಿಂದ ತೆಗೆದಳು. ಹಿಂತಿರುಗಲಿಲ್ಲ. ನಳಿಗೆಯನ್ನು ಮಣ್ಣಿನ ದಿಬ್ಬದ ಕಡೆಗೇ ಇಟ್ಟುಕೊಂಡು, ತೋಟಾ ಹೊರತೆಗೆದು, ರಿವಾಲ್ವರನ್ನು ಮೇಜಿನ ಮೇಲಿಟ್ಟು, ಆಮೇಲೆ ತಿರುಗಿ ಕೇಳಿದಳು, "ಏನಾಯ್ತಮ್ಮ?"

ಯಾಕೆ, ಏನು ಎಂದು ಕೇಳದೆ ನಿಲ್ಲಿಸಿದ್ದಳು. ಅತ್ತೆ ಕಲಿಸಿದ್ದು ಅದನ್ನೇ.

ಆ ಸಂಜೆ ಮಾರ್ಲಿಸ್‌ಳ ಮೇಜಿನ ಸುತ್ತ ನಾಲ್ವರೂ ಕೂತರು. ಉಳಿದದ್ದು ಹತ್ತೊಂಬತ್ತು ತೋಟಾ. ಸುತ್ತಿಗೆಯ ಆಕಾರದ ಸಾಧನದಲ್ಲಿ ತೋಟಾ ಸಿಕ್ಕಿಸಿ ಮರದ ಮೇಲೆ ಕುಟ್ಟಿದರೆ ಗುಂಡು ಕಳಚಿಕೊಳ್ಳುತ್ತದೆ. ಮಾರ್ಲಿಸ್ ಒಂದೊಂದನ್ನೇ ಬಿಚ್ಚಿ ಮದ್ದನ್ನು ತಕ್ಕಡಿಗೆ ಸುರಿದಳು. ಸರಿ. ಇದೂ ಸರಿ. ಆರಿನ್ ಆಕಳಿಸಿದ. "ಎಲ್ಲಾ ಸರಿಯಾಗೇ ಇದೆಯಲ್ಲ, ಸುಮ್ನೆ ಹೆದರಿಸ್ತೀಯ ನೀನು."

ಹದಿನಾಲ್ಕನೆಯದನ್ನು ಸುರಿದಾಗ ಮಾರ್ಲಿಸ್‌ಳ ಕೈ ನಿಂತಿತು. ಆ ಮದ್ದನ್ನು ಬಿಳಿ ಕಾಗದದ ಮೇಲೆ ಹಾಕಿ, ಪಕ್ಕದಲ್ಲಿ ಸರಿಯಾದ ಅಳತೆಯ ಮದ್ದು ಹಾಕಿದಳು. ಒಂದು ಗುಡ್ಡೆ ಇನ್ನೊಂದರ ಎರಡು ಪಟ್ಟಿತ್ತು.

ಆರಿನ್ ಎದ್ದು ಬಂದು ಬಗ್ಗಿ ನೋಡಿದ. ಆಮೇಲೆ ಮಗಳ ಕೈ ನೋಡಿದ.

"ಇದು ಹಾರಿದ್ರೆ ಅತ್ತೆ?" ಬ್ರಿಟಾ ಕೇಳಿದಳು.

"ಗನ್ನು ನಿನ್ನ ಕೈಯಲ್ಲೇ ಒಡೆದುಹೋಗ್ತಿತ್ತು."

ಲವಾನ್ ಆ ಎರಡು ಗುಡ್ಡೆಗಳನ್ನೇ ನೋಡುತ್ತಿದ್ದಳು. "ನಂಗೆ ಕೇಳಿಸಿತ್ತು," ಎಂದಳು ಕೊನೆಗೆ. "ನಿನ್ನೆ ನೀನು ನಿಲ್ಸು ಅಂದಿದ್ದು ಕೇಳಿಸಿತ್ತು ಮಾರ್ಲಿಸ್. ನನ್ನನ್ನ ಸೋಲಿಸೋಕೆ ಕೂಗ್ತಿದೀಯ ಅಂದ್ಕೊಂಡೆ."

"ಗೊತ್ತು."

"ತುಂಬೋವಾಗ ಎದ್ದಿದ್ದೂ ನಿನ್ನಿಂದಾನೇ. ಅಂಗಳದಲ್ಲಿ ಮೂರೂ ಜನ ನನ್ನನ್ನ ನೋಡ್ಕೊಂಡು ನಗ್ತಿದ್ರಿ."

ಮಾರ್ಲಿಸ್ ಹುಬ್ಬು ಗಂಟಿಕ್ಕಿದಳು. "ಯಾವ ನಗು?" ಬ್ರಿಟಾಳ ಮುಖ ನೋಡಿದಳು. ಬ್ರಿಟಾಳಿಗೂ ನೆನಪಿರಲಿಲ್ಲ. ಯಾವ ನಗುವಿಗಾಗಿ ಮಗಳ ಕೈ ಹೋಗುವುದರಲ್ಲಿತ್ತೋ ಆ ನಗು ಅವರಲ್ಲಿ ಒಬ್ಬರಿಗೂ ನೆನಪಿರಲಿಲ್ಲ. ಕೆನ್ನೆಯ ಗಾಯಕ್ಕಿಂತ ಅದೇ ಲವಾನ್‌ಗೆ ಹೆಚ್ಚು ಉರಿಯಿತು.

"ನೋಡು," ಎಂದಳು ಮಾರ್ಲಿಸ್. ದನಿಯಲ್ಲಿ ಸಿಟ್ಟಿತ್ತು. "ನನ್ನ ಮೇಲೆ ಹೊಟ್ಟೆಕಿಚ್ಚು ಪಡ್ತೀಯಾ, ಪಡು. ನನಗೇನೂ ನಷ್ಟ ಇಲ್ಲ. ಆದ್ರೆ ಮದ್ದಿನ ಮುಂದೆ ಕೂರೋವಾಗ ಅದನ್ನ ಬಾಗಿಲಾಚೆ ಬಿಟ್ಟು ಬಾ. ಬಿಡೋಕಾಗ್ಲಿಲ್ವಾ, ಆವತ್ತು ಕೂರಬೇಡ. ಮೊದಲ ದಿನ ನಿಮ್ಮನೇಗೆ ಬಂದಾಗ ನಾನು ಹೇಳೋಕೆ ಹೊರಟಿದ್ದೂ ಇಷ್ಟೇ. ಮಧ್ಯದಲ್ಲಿ ಎದ್ರೆ ಎಲ್ಲಾ ಕೊಳವೆಯ ಮದ್ದೂ ವಾಪಸು ಡಬ್ಬಿಗೆ ಸುರಿದು ಮೊದಲಿಂದ ಶುರು ಮಾಡು. ಹತ್ತು ನಿಮಿಷದ ಕೆಲಸ."

ಮನೆಗೆ ಹೋಗುವಾಗ ಆರಿನ್ ತಿರುವಿನಲ್ಲಿ ಕಾರಿನ ವೇಗ ತಗ್ಗಿಸಿದ. ಆಮೇಲೆ, "ನಾನು ಅವಳನ್ನ ಹೊಗಳಿದ್ದು ತಪ್ಪಾಯ್ತಾ?" ಎಂದು ಕೇಳಿದ.

"ಅವಳನ್ನ ಹೊಗಳಿದ್ದಲ್ಲ," ಎಂದಳು ಲವಾನ್. "ನನ್ನನ್ನ ಒಂದು ದಿನಾನೂ ಹೊಗಳದೇ ಇದ್ದಿದ್ದು."

ಚಳಿಗಾಲದಲ್ಲಿ ಸಂಘದ ಹೊಸಬರ ತರಗತಿ ಶುರುವಾದಾಗ ಲವಾನ್ ಮುಂದಿನ ಬೆಂಚಿನಲ್ಲಿ ಕೂತಿದ್ದಳು, ಪಕ್ಕದಲ್ಲಿ ಬ್ರಿಟಾ. ಸೀಳಿದ ನಳಿಗೆಯನ್ನು ಮೇಜಿನ ಮೇಲಿಟ್ಟು ನಡೆದದ್ದನ್ನು ತಾನೇ ಹೇಳಿದಳು. ಕೇಳಿಸಿದರೂ ಕೇಳಿಸಲಿಲ್ಲ ಎಂದದ್ದನ್ನೂ ಬಿಡಲಿಲ್ಲ. ಪಾಠ ಮುಗಿದ ಮೇಲೆ ಎಲ್ಲರೂ ಮಾರ್ಲಿಸ್‌ಳನ್ನು ಮುತ್ತಿಕೊಂಡು ಪ್ರಶ್ನೆ ಕೇಳುವಾಗ ಅವಳ ಹೊಟ್ಟೆಯಲ್ಲಿ ಮತ್ತೆ ಸ್ವಲ್ಪ ಉರಿದದ್ದು ನಿಜ. ಅದೇನು ಒಂದೇ ದಿನಕ್ಕೆ ಆರುವುದಲ್ಲ. ಆದರೆ ಅಂಥ ದಿನ ಅವಳು ಮದ್ದಿನ ಡಬ್ಬಿ ಮುಟ್ಟುವುದಿಲ್ಲ.

ಕೇಳುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಕೋವಿ ಇರುವ ಮನೆ ನಿಮ್ಮದಾಗಿದ್ದರೆ ಈ ಮಾತು ನಿಮಗೂ ಸೇರಿದ್ದು. ಕಾನೂನು ಒಪ್ಪದ ಕಡೆ, ಪರವಾನಗಿ ಇಲ್ಲದೆ, ತೋಟಾ ತುಂಬುವ ಗೊಡವೆಗೇ ಹೋಗಬೇಡಿ. ಒಪ್ಪುವ ಕಡೆಯೂ ತಿಳಿದವರ ಪಕ್ಕದಲ್ಲಿ ಕೂತು ಕಲಿಯಿರಿ. ಗುಂಡು ಕೂರಿಸುವ ಮುಂಚೆ ಪ್ರತಿ ಕೊಳವೆಯ ಒಳಗೂ ಬೆಳಕು ಬಿಟ್ಟು ನೋಡಿ. ಒಂದು ತೋಟಾದ ಮೇಲೆ ಅನುಮಾನ ಬಂದರೂ ಇಡೀ ಡಬ್ಬಿಯನ್ನು ಬದಿಗಿಡಿ, ಬಿಚ್ಚಿಸಿ ನೋಡಿ. ಹಾರಿಸುವಾಗ ಕಣ್ಣಿಗೆ ಕನ್ನಡಕ ಇರಲೇಬೇಕು. ಟ್ರಿಗರ್ ಎಳೆದಾಗ ಬರೀ ಟಿಕ್ ಎಂದು ಸುಮ್ಮನಾದರೆ ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಪೂರ್ತಿ ಒಂದು ನಿಮಿಷ ಕಾಯಿರಿ. ಪುಸ್ ಎಂದರೆ ಅಲ್ಲಿಗೇ ಮುಗಿಯಿತು, ತೋಟಾ ಹೊರತೆಗೆದು ನಳಿಗೆ ತೆರವಾಗಿದೆಯೇ ಎಂದು ನೋಡುವವರೆಗೆ ಮತ್ತೆ ಟ್ರಿಗರ್ ಮುಟ್ಟಬೇಡಿ. ಯಾರಾದರೂ ನಿಲ್ಲಿಸು ಎಂದು ಕೂಗಿದರೆ, ಕೂಗಿದವರು ಯಾರು ಎಂದು ನೋಡಲು ಹೋಗಬೇಡಿ. ಮೊದಲು ನಿಲ್ಲಿಸಿ.